ಸಮನ್ಸ್ ಹೋಗಿದ್ದು ಹಳೇ ಮನೆಗೆ

2023ರ ಜೂನ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ 11 ಗಂಟೆ ಹೊತ್ತು. ಆಕೆ ಮದುವೆ ಆರ್ಡರಿನ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತಿದ್ದರು. ಬಾಗಿಲಲ್ಲಿ ಕೋರ್ಟ್ ಅಮೀನ (ಕೋರ್ಟಿನ ಸಮನ್ಸ್, ವಾರೆಂಟ್ ಜಾರಿ ಮಾಡುವ ನೌಕರ), ಪಕ್ಕದಲ್ಲಿ ಮನೆ ಓನರ್ ಮಗ, ಕೆಳಗೆ ರಸ್ತೆಯಲ್ಲಿ ಒಂದು ಟಾಟಾ ಏಸ್, ಅದರಲ್ಲಿ ಇಬ್ಬರು ಹಮಾಲಿಗಳು. ಅಮೀನ ಕೈಯಲ್ಲಿದ್ದ ಕಾಗದ ಓದಿದ. ನಿಮ್ಮ ಮೇಲೆ ಡಿಕ್ರಿ ಆಗಿದೆ, ಮನೆಯನ್ನು ವಾದಿಗೆ ಸ್ವಾಧೀನ ಕೊಡಿಸಬೇಕು, ಸಾಮಾನು ತೆಗೀರಿ ಅಂದ. ಆಕೆಗೆ ಅರ್ಥ ಆಗಿದ್ದು 'ಕೋರ್ಟು' ಅನ್ನೋ ಒಂದು ಪದ ಮಾತ್ರ. ಯಾಕಂದರೆ ತನ್ನ ಮೇಲೆ ಕೇಸಿದೆ ಅಂತಲೇ ಆಕೆಗೆ ಗೊತ್ತಿರಲಿಲ್ಲ.

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿ ಮಾಡುತ್ತೇನೆ, ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್‌ನಲ್ಲೂ ಇದ್ದೇನೆ. ಊರಿನ ಹೆಸರು, ಜನರ ಹೆಸರು ಬೇಡ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬಾಡಿಗೆಗಿದ್ದವರನ್ನು ನಾನು ಕರೆಯುತ್ತಿದ್ದ ಹಾಗೇ 'ಅಕ್ಕ' ಅಂತೀನಿ, ಮನೆ ಯಜಮಾನರನ್ನು ಇಡೀ ಬೀದಿ ಕರೆಯುವ ಹಾಗೆ 'ಮೇಷ್ಟ್ರು' ಅಂತೀನಿ. ಅವರು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕೆಟ್ಟ ಮನುಷ್ಯರೇನಲ್ಲ, ಇದನ್ನು ಮೊದಲೇ ಹೇಳಿಬಿಡ್ತೀನಿ. ಇಲ್ಲದಿದ್ದರೆ ಓದುವವರು ಖಳನಾಯಕನನ್ನು ಹುಡುಕೋಕೆ ಶುರು ಮಾಡ್ತಾರೆ.

ಹಿನ್ನೆಲೆ ಇಷ್ಟು. ಅಕ್ಕನ ಗಂಡ ತೀರಿಕೊಂಡ ಮೇಲೆ, 2015ರಲ್ಲಿ, ಪಕ್ಕದ ಜಿಲ್ಲೆಯ ಒಂದು ತಾಲ್ಲೂಕು ಊರಿಂದ ಪುಟ್ಟ ಮಗಳನ್ನು ಕರಕೊಂಡು ಇಲ್ಲಿಗೆ ಬಂದರು. ಮೇಷ್ಟ್ರ ಮನೆಯ ಮೊದಲ ಮಹಡಿ. ಆಗ ಬಾಡಿಗೆ 5,500, ಅಡ್ವಾನ್ಸ್ 60,000. ಎಲ್ಲರೂ ಮಾಡುವ ಹಾಗೆ 11 ತಿಂಗಳ ಕರಾರು ಪತ್ರ. 11 ತಿಂಗಳೇ ಯಾಕೆ ಅಂದರೆ, ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಲೇಬೇಕು ಅಂತ ಸ್ವತ್ತು ವರ್ಗಾವಣೆ ಕಾಯ್ದೆ 1882ರ ಸೆಕ್ಷನ್ 107 ಹೇಳುತ್ತದೆ, ಆ ಖರ್ಚು ಯಾರಿಗೂ ಬೇಡ. ಕರಾರು ಮುಗಿದ ಮೇಲೆ ಯಾರೂ ಅದನ್ನು ನವೀಕರಿಸಲಿಲ್ಲ. ಬಾಡಿಗೆ ಮಾತ್ರ ಏರುತ್ತಾ ಹೋಗಿ 8,500 ಆಯಿತು. ಹೀಗೆ ಕರಾರು ಮುಗಿದರೂ ಓನರ್ ಬಾಡಿಗೆ ತಗೊಳ್ಳುತ್ತಾ ಬಂದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ ಆಗುತ್ತದೆ. ಸೆಕ್ಷನ್ 116ರ ಮಾತು ಅದು.

2021ರಲ್ಲಿ ಎರಡನೇ ಲಾಕ್‌ಡೌನ್. ಮದುವೆಗಳಿಲ್ಲ, ಬ್ಲೌಸುಗಳಿಲ್ಲ. ಐದು ತಿಂಗಳ ಬಾಡಿಗೆ ಬಾಕಿ ಬಿತ್ತು, 42,500 ರೂಪಾಯಿ. ಆಮೇಲೆ ಸೆಪ್ಟೆಂಬರಿನಿಂದ ಪ್ರತಿ ತಿಂಗಳೂ ಫೋನ್‌ಪೇಯಲ್ಲಿ ಬಾಡಿಗೆ ಹೋಗಿದೆ, ಆದರೆ ಹಳೇ ಬಾಕಿ ಹಾಗೇ ಉಳಿಯಿತು. ಅದೇ ಹೊತ್ತಿಗೆ ಮೇಷ್ಟ್ರ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರೋ ತಯಾರಿಯಲ್ಲಿದ್ದ. "ಮನೆ ಖಾಲಿ ಮಾಡಮ್ಮ, ಮಗ ಬರ್ತಾನೆ" ಅಂತ ಮೇಷ್ಟ್ರು ಎರಡು ಮೂರು ಸಲ ಹೇಳಿದ್ದು ನಿಜ. ಅಕ್ಕ ಅದನ್ನು ಒಪ್ಪಿಕೊಳ್ಳುತ್ತಾರೆ. "ಸ್ವಲ್ಪ ಟೈಮ್ ಕೊಡಿ ಸಾರ್" ಅಂತ ಅವರೂ ಎರಡು ಮೂರು ಸಲ ಹೇಳಿದ್ದರು.

ಮೇಷ್ಟ್ರು ವಕೀಲರ ಹತ್ತಿರ ಹೋದರು. 2022ರ ಜನವರಿಯಲ್ಲಿ ನೋಟಿಸ್, ಮಾರ್ಚಿನಲ್ಲಿ ದಾವೆ, ನವೆಂಬರಿನಲ್ಲಿ ಏಕಪಕ್ಷೀಯ ಡಿಕ್ರಿ (ಎದುರಿನವರಿಲ್ಲದೆ ಆದ ತೀರ್ಪು), 2023ರ ಫೆಬ್ರವರಿಯಲ್ಲಿ ಅಮಲ್ಜಾರಿ ಅರ್ಜಿ (ಡಿಕ್ರಿ ಜಾರಿ ಮಾಡಿಸಿ ಅಂತ), ಜೂನಿನಲ್ಲಿ ಅಮೀನ. ನಮ್ಮ ಕೋರ್ಟುಗಳ ಲೆಕ್ಕಕ್ಕೆ ಇದು ಎಕ್ಸ್‌ಪ್ರೆಸ್ ರೈಲು. ಇಷ್ಟು ಬೇಗ ಓಡಿದ್ದು ಯಾಕಂದರೆ ಎದುರುಗಡೆ ಯಾರೂ ಇರಲಿಲ್ಲ.

ಆ ಮಂಗಳವಾರ ಅಕ್ಕನ ಗಿರಾಕಿಯೊಬ್ಬರು ನನಗೆ ಫೋನ್ ಮಾಡಿದರು. ಆಕೆ ಹಿಂದೆ ನನ್ನ ಕಕ್ಷಿದಾರರು. ಫೋನು ಅಕ್ಕನ ಕೈಗೆ ಹೋಯಿತು, ಅಳು ಬಿಟ್ಟರೆ ಬೇರೇನೂ ಕೇಳಲಿಲ್ಲ. ನಾನು ನಾಲ್ಕು ಮಾತು ಹೇಳಿದೆ. ಅಮೀನನಿಗೆ ಅಡ್ಡ ನಿಲ್ಲಬೇಡಿ, ಕೂಗಾಡಬೇಡಿ. ವಾರೆಂಟಿನ ಮೇಲಿರುವ ಕೇಸ್ ನಂಬರನ್ನು ಫೋಟೋ ತೆಗೆದು ಕಳಿಸಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ. ನನಗೆ ಸಮನ್ಸ್ ಬಂದಿಲ್ಲ, ಕಾಲಾವಕಾಶ ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಅಮೀನನಿಗೆ ಕೊಡಿ.

ಅಮೀನನಿಗೆ ಕಾಲಾವಕಾಶ ಕೊಡುವ ಅಧಿಕಾರ ಇಲ್ಲ. ವಾರೆಂಟಿನಲ್ಲಿ ಏನಿದೆಯೋ ಅದನ್ನು ಮಾಡೋದಷ್ಟೇ ಅವನ ಕೆಲಸ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 35ರ ಪ್ರಕಾರ ಬೀಗ ಒಡೆದು ಒಳಗೆ ಹೋಗಲೂಬಹುದು. ಅವತ್ತು ಆಗಿದ್ದೇನಂದರೆ, ಪೊಲೀಸ್ ನೆರವಿಗೆ ಅರ್ಜಿ ಹಾಕಿರಲಿಲ್ಲ, ಮನೆ ತುಂಬಾ ಬೇರೆಯವರ ಸೀರೆ ಬಟ್ಟೆ ಹರಡಿತ್ತು, ಬೀದಿಯ ಹೆಂಗಸರು ಎಂಟು ಹತ್ತು ಜನ ಮೆಟ್ಟಿಲ ಮೇಲೆ ಸೇರಿದ್ದರು. ಅಮೀನ ಬುದ್ಧಿವಂತ. "ಸಾಮಾನು ಬಹಳ ಇರುತ್ತದೆ, ಪೊಲೀಸ್ ಬಂದೋಬಸ್ತ್ ಇರುವುದಿಲ್ಲ, ಎದುರುದಾರರು ಕಾಲಾವಕಾಶ ಕೋರಿ ಅರ್ಜಿ ಕೊಟ್ಟಿರುತ್ತಾರೆ" ಅಂತ ಶರಾ ಬರೆದು ವಾರೆಂಟ್ ವಾಪಸ್ ಮಾಡಿದ. ಇದು ಹಕ್ಕಲ್ಲ, ಅದೃಷ್ಟ. ಬೇರೆ ದಿನ ಆಗಿದ್ದರೆ, ಬೇರೆ ಅಮೀನ ಆಗಿದ್ದರೆ, ಸಂಜೆಯೊಳಗೆ ಹೊಲಿಗೆ ಮೆಷಿನ್ ರಸ್ತೆಯಲ್ಲಿರುತ್ತಿತ್ತು.

ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಅಮೀನ ಬರೋ ಮುಂಚೆ ಒಂದು ನೋಟಿಸಾದರೂ ಬರಬೇಕಲ್ವಾ? ಡಿಕ್ರಿ ಆಗಿ ಎರಡು ವರ್ಷ ದಾಟಿದ ಮೇಲೆ ಅಮಲ್ಜಾರಿಗೆ ಬಂದರೆ ಮೊದಲು ನೋಟಿಸ್ ಕೊಡಬೇಕು, ಆದೇಶ 21, ನಿಯಮ 22. ಎರಡು ವರ್ಷದೊಳಗೆ ಬಂದರೆ ಬೇಕಿಲ್ಲ, ನೇರ ವಾರೆಂಟ್. ಇಲ್ಲಿ ಮೂರೇ ತಿಂಗಳು ಆಗಿದ್ದು. ಅಂದರೆ ಅಕ್ಕನಿಗೆ ತಿಳಿಯಲು ಇದ್ದದ್ದು ಒಂದೇ ದಾರಿ, ದಾವೆಯ ಸಮನ್ಸ್. ಅದೇ ಬಂದಿಲ್ಲ.

ಯಾಕೆ ಬಂದಿಲ್ಲ? ಕೇಸ್ ನಂಬರ್ ಸಿಕ್ಕ ಅರ್ಧ ಗಂಟೆಯಲ್ಲಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಾರೀಖುಗಳೆಲ್ಲ ಸಿಕ್ಕವು. ಮಾರನೇ ದಿನ ವಕಾಲತ್ತು ಹಾಕಿ, ಕಡತ ನೋಡಲು ಅರ್ಜಿ, ನಕಲು ಅರ್ಜಿ ಎರಡೂ ಹಾಕಿದೆ. ಕಡತ ತೆರೆದು ಮೊದಲ ಹಾಳೆ ನೋಡಿದಾಗ ನಗು ಬಂತು, ಆಮೇಲೆ ಬೇಜಾರಾಯಿತು. ದಾವಾ ಪತ್ರದ ತಲೆಯಲ್ಲಿ ಪ್ರತಿವಾದಿಯ ವಿಳಾಸ ಅಂತ ಇದ್ದದ್ದು ಅಕ್ಕನ ಹಳೇ ಊರಿನ ಮನೆ, 2015ರಲ್ಲಿ ಬಿಟ್ಟುಬಂದದ್ದು. ಕರಾರು ಪತ್ರದಲ್ಲಿ 'ಖಾಯಂ ವಿಳಾಸ' ಅಂತ ಬರೆಸಿರುತ್ತಾರಲ್ಲ, ಗುಮಾಸ್ತ ಅದನ್ನೇ ನೋಡಿಕೊಂಡು ಟೈಪ್ ಮಾಡಿದ್ದಾನೆ. ಅದೇ ದಾವಾ ಪತ್ರದ ನಾಲ್ಕನೇ ಪ್ಯಾರಾದಲ್ಲಿ 'ಪ್ರತಿವಾದಿಯು ಷೆಡ್ಯೂಲ್ ಮನೆಯಲ್ಲಿ ಬಾಡಿಗೆದಾರರಾಗಿ ವಾಸವಾಗಿರುತ್ತಾರೆ' ಅಂತಿದೆ. ಕೊನೆಯಲ್ಲಿ ಷೆಡ್ಯೂಲ್, ಅಂದರೆ ದಾವೆಯ ಸ್ವತ್ತಿನ ವಿವರ, ಮನೆಯ ಚಕ್ಕುಬಂದಿ ಸಮೇತ. ಆಕೆ ಯಾವ ಮನೆಯಲ್ಲಿದ್ದಾರೆ, ಆ ಮನೆಯಿಂದ ಎಬ್ಬಿಸಿಕೊಡಿ ಅಂತ ಕೇಳುವ ಕಾಗದವೇ ಆಕೆಯನ್ನು ಬೇರೆ ಜಿಲ್ಲೆಯಲ್ಲಿ ಹುಡುಕುತ್ತಿದೆ.

ಆರ್ಡರ್ ಶೀಟ್ ಓದುತ್ತಾ ಹೋದರೆ ಉಳಿದದ್ದು ತಾನಾಗೇ ಕಾಣುತ್ತದೆ. ಸಮನ್ಸ್ ಹಳೇ ಊರಿನ ಕೋರ್ಟಿಗೆ ಹೋಯಿತು, ಅಲ್ಲಿನ ಅಮೀನ 'ಸದರಿಯವರು ಮನೆ ಬಿಟ್ಟು ಹೋಗಿರುತ್ತಾರೆ' ಅಂತ ಶರಾ ಬರೆದ. ಅಂಚೆ ಲಕೋಟೆಯೂ ಹಾಗೇ ವಾಪಸ್. ಇನ್ನೊಂದು ಸಲ ಸಮನ್ಸ್, ಅದೇ ವಿಳಾಸ, ಅದೇ ಶರಾ. ಆಮೇಲೆ ಬದಲಿ ಜಾರಿಗೆ ಅರ್ಜಿ, ಅಂದರೆ ಪೇಪರ್ ಪ್ರಕಟಣೆ. 'ಪ್ರತಿವಾದಿ ಸಮನ್ಸ್ ತಪ್ಪಿಸಿಕೊಳ್ಳುತ್ತಿದ್ದಾರೆ' ಅಂತ ಮೇಷ್ಟ್ರ ಅಫಿಡವಿಟ್. ಕೋರ್ಟ್ ಒಪ್ಪಿತು. ಹಳೇ ಊರಿನ ಸ್ಥಳೀಯ ದಿನಪತ್ರಿಕೆಯ ಮೂರನೇ ಪುಟದಲ್ಲಿ, ಬೋರ್‌ವೆಲ್ ಜಾಹೀರಾತಿನ ಕೆಳಗೆ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅಕ್ಕನ ಹೆಸರು ಬಂತು. ಪೇಪರಿನ ಪ್ರತಿ ಕಡತದಲ್ಲೇ ಇದೆ. 2022ರ ಸೆಪ್ಟೆಂಬರಿನ ಒಂದು ದಿನ ಕೋರ್ಟಿನಲ್ಲಿ ಮೂರು ಸಲ ಹೆಸರು ಕೂಗಿದರು. ಗೈರುಹಾಜರಿ. ಎಕ್ಸ್‌ಪಾರ್ಟಿ.

ಬದಲಿ ಜಾರಿಯ ನಿಯಮ, ಆದೇಶ 5, ನಿಯಮ 20, ಕಣ್ಣುಮುಚ್ಚಿ ಮಾಡುವ ಕೆಲಸ ಅಲ್ಲ. ಪ್ರತಿವಾದಿ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾರೆ, ಇಲ್ಲಾ ಬೇರೆ ಕಾರಣಕ್ಕೆ ಮಾಮೂಲಿ ದಾರಿಯಲ್ಲಿ ಮುಟ್ಟಿಸಲು ಆಗುವುದೇ ಇಲ್ಲ ಅಂತ ಕೋರ್ಟಿಗೆ ಮನವರಿಕೆ ಆಗಬೇಕು. ಆಗ ಕೋರ್ಟಿನ ಗೋಡೆಗೆ, ಆಕೆ ಕೊನೆಯದಾಗಿ ಇದ್ದರೆಂದು ಗೊತ್ತಿರುವ ಮನೆಯ ಬಾಗಿಲಿಗೆ ಅಂಟಿಸಬೇಕು. ಪೇಪರಿನಲ್ಲಿ ಹಾಕಿಸೋದಾದರೆ ಆಕೆ ನಿಜಕ್ಕೂ ಕೊನೆಗೆ ವಾಸವಿದ್ದ ಊರಿನಲ್ಲಿ ಓಡಾಡುವ ಪೇಪರ್ ಆಗಿರಬೇಕು. ಇಲ್ಲಿ ಯಾವುದೂ ಆಗಿಲ್ಲ. ಪ್ರಕಟಣೆ ಬಂದ ತಿಂಗಳೂ ಮೇಷ್ಟ್ರ ಖಾತೆಗೆ 8,500 ರೂಪಾಯಿ ಹೋಗಿದೆ.

ಈಗ ಏನು ಮಾಡೋದು? ಎರಡು ದಾರಿ ಇದ್ದವು. ಒಂದು, ಡಿಕ್ರಿ ಮೇಲೆ ಅಪೀಲು. ಏಕಪಕ್ಷೀಯ ಡಿಕ್ರಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 96(2)ರಲ್ಲಿ ಅಪೀಲಿಗೆ ಅವಕಾಶ ಇದೆ. ಇನ್ನೊಂದು, ಅದೇ ಕೋರ್ಟಿನಲ್ಲಿ ಆದೇಶ 9, ನಿಯಮ 13ರ ಅರ್ಜಿ: ನನಗೆ ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ, ಡಿಕ್ರಿ ರದ್ದು ಮಾಡಿ ಮತ್ತೆ ವಿಚಾರಣೆ ಮಾಡಿ ಅಂತ. ಅಪೀಲಿನಲ್ಲಿ ಕೋರ್ಟ್ ನೋಡೋದು ಮುಖ್ಯವಾಗಿ ಕಡತದಲ್ಲಿರುವ ಸಾಕ್ಷ್ಯವನ್ನು. ಕಡತದಲ್ಲಿ ನಮ್ಮದೊಂದು ಚೂರೂ ಇಲ್ಲ, ಹಾಗಾಗಿ ನಾನು ಎರಡನೆಯದನ್ನೇ ಆರಿಸಿಕೊಂಡೆ. ಇಲ್ಲೊಂದು ಬಲೆ ಇದೆ, ಹೊಸ ವಕೀಲರು ಬೀಳುತ್ತಾರೆ: ಮೊದಲು ಅಪೀಲು ಹಾಕಿ ಅದು ಇತ್ಯರ್ಥ ಆಗಿಬಿಟ್ಟರೆ ಆಮೇಲೆ 9/13ಕ್ಕೆ ಬಾಗಿಲು ಮುಚ್ಚುತ್ತದೆ. ಅಪೀಲನ್ನು ವಾಪಸ್ ತಗೊಂಡಿದ್ದರೆ ಮಾತ್ರ ಬಚಾವ್.

ಗಡುವು 30 ದಿನ. ಡಿಕ್ರಿಯ ದಿನದಿಂದ ಎಣಿಸಿದ್ದರೆ ಕತೆ ಮುಗಿದಿತ್ತು. ಆದರೆ ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ ಎಣಿಸಬೇಕು ಅಂತ ಲಿಮಿಟೇಶನ್ ಕಾಯ್ದೆಯ 123ನೇ ವಿಧಿ ಹೇಳುತ್ತದೆ. ಗೊತ್ತಾದ ದಿನ ಯಾವುದು ಅಂತ ತೋರಿಸಲು ನಮ್ಮ ಹತ್ತಿರ ಅಮೀನನ ಶರಾ ಇತ್ತು. ಅವತ್ತು ಬರೆದುಕೊಟ್ಟ ಆ ಒಂದು ಹಾಳೆ ಇಲ್ಲಿ ಕೆಲಸಕ್ಕೆ ಬಂತು. ಎಂಟನೇ ದಿನ ಅರ್ಜಿ ಹಾಕಿದೆ. ಇರಲಿ ಅಂತ ತಡ ಮನ್ನಿಸುವ ಅರ್ಜಿಯನ್ನೂ ಜೊತೆಗಿಟ್ಟೆ. ಮುಖ್ಯವಾಗಿ ತಡೆಯಾಜ್ಞೆ ಅರ್ಜಿ. ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕಿದ ಮಾತ್ರಕ್ಕೆ ಅಮಲ್ಜಾರಿ ತಾನಾಗಿ ನಿಲ್ಲೋದಿಲ್ಲ, ಅರ್ಜಿ ಒಂದು ಕಡೆ ನಡೀತಾ ಇರುತ್ತದೆ, ಅಮೀನ ಇನ್ನೊಂದು ಕಡೆ ಮನೆಗೆ ಬಂದಿರುತ್ತಾನೆ. ಮೂರು ದಿನದಲ್ಲಿ ಮಧ್ಯಂತರ ತಡೆ ಸಿಕ್ಕಿತು.

ಫೀಸಿನ ಮಾತು. ಅಕ್ಕನ ಹತ್ತಿರ ದುಡ್ಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಸೆಕ್ಷನ್ 12ರಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ ಹಾಗೇ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ಸಾಕು. ಆಕೆಗೆ ಇದು ಗೊತ್ತಿರಲಿಲ್ಲ, ಆಕೆಯ ಬೀದಿಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಆದರೆ 'ಹನ್ನೆರಡು ವರ್ಷ ಒಂದೇ ಮನೇಲಿದ್ರೆ ಮನೆ ನಿಮ್ದೇ' ಅನ್ನೋದು ಎಲ್ಲರಿಗೂ ಗೊತ್ತು! ಅದು ಶುದ್ಧ ಸುಳ್ಳು. ಓನರ್ ಒಪ್ಪಿಗೆ ಮೇಲೆ ಒಳಗೆ ಬಂದ ಬಾಡಿಗೆದಾರ 30 ವರ್ಷ ಇದ್ದರೂ ಬಾಡಿಗೆದಾರನೇ.

ಅಮೀನ ವಾಪಸ್ ಹೋದ ಎರಡು ವಾರಕ್ಕೆ ಇನ್ನೊಂದು ತಲೆನೋವು. ಒಂದು ರಾತ್ರಿ ಮೇಲಿನ ಮಹಡಿಗೆ ಹೋಗುವ ನೀರಿನ ವಾಲ್ವ್ ಬಂದ್ ಆಯಿತು. ಮೇಷ್ಟ್ರ ಮಗನ ಕೆಲಸ. ಠಾಣೆಗೆ ಹೋದರೆ "ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂದರು. ನಾನು ಎದುರು ವಕೀಲರಿಗೆ ಫೋನ್ ಮಾಡಿ, ನಾಳೆ ಬೆಳಗ್ಗೆ ಪ್ರತಿಬಂಧಕಾಜ್ಞೆ ಅರ್ಜಿ ಹಾಕ್ತೀನಿ, ವಾಲ್ವಿನ ಫೋಟೋ ಸಮೇತ, ಅಂದೆ. ಅವರು ಹಿರಿಯರು, ಸೂಕ್ಷ್ಮ ಗೊತ್ತಾಯಿತು. ರಾತ್ರಿ ಹತ್ತೂವರೆಗೆ ನೀರು ಬಂತು. ಕರಾರು ಮುಗಿದಿದೆ, ನನ್ನ ಮನೆ, ನಾನೇ ಬೀಗ ಹಾಕ್ತೀನಿ, ನೀರು ನಿಲ್ಲಿಸ್ತೀನಿ ಅನ್ನೋ ಓನರ್‌ಗಳಿಗೆ ಒಂದು ಮಾತು: ಇರುವವರಿಗೆ ಇರುವ ಹಕ್ಕು ಮುಗಿದಿದ್ದರೂ, ನೆಲೆಯೂರಿ ಸ್ವಾಧೀನದಲ್ಲಿರುವವರನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಹೇಳಿದೆ. ಹೊರಹಾಕಿದರೆ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆ 1963ರ ಸೆಕ್ಷನ್ 6ರಲ್ಲಿ ದಾವೆ ಹಾಕಿ ವಾಪಸ್ ಒಳಗೆ ಬರಬಹುದು. ಆ ದಾವೆಯಲ್ಲಿ ಮನೆ ಯಾರದ್ದು ಅನ್ನೋ ಪ್ರಶ್ನೆಯೇ ಏಳೋದಿಲ್ಲ.

9/13 ಅರ್ಜಿಯ ವಿಚಾರಣೆಗೆ ಬರೋಣ. ಮೇಷ್ಟ್ರ ತಕರಾರು ಒಂದೇ: ಆಕೆಗೆ ಎಲ್ಲಾ ಗೊತ್ತಿತ್ತು, ನಾನೇ ಬಾಯಲ್ಲಿ ಹೇಳಿದ್ದೆ. ಇದು ಹಗುರವಾದ ವಾದ ಅಲ್ಲ. ನಿಯಮ 13ಕ್ಕೇ ಒಂದು ಷರತ್ತು ಅಂಟಿಕೊಂಡಿದೆ. ಸಮನ್ಸ್ ಜಾರಿಯಲ್ಲಿ ಏನೋ ಲೋಪ ಇದೆ ಅನ್ನೋದೊಂದೇ ಕಾರಣಕ್ಕೆ ಡಿಕ್ರಿ ರದ್ದು ಮಾಡುವಂತಿಲ್ಲ, ಪ್ರತಿವಾದಿಗೆ ವಿಚಾರಣೆಯ ತಾರೀಖು ಗೊತ್ತಿದ್ದು, ಬಂದು ಉತ್ತರ ಕೊಡಲು ಸಾಕಷ್ಟು ಸಮಯವೂ ಇದ್ದಿದ್ದರೆ. ಹಾಗಾಗಿ ಪಾಟಿ ಸವಾಲು ಮುಖ್ಯ ಆಯಿತು. ಮೇಷ್ಟ್ರು ಕಟಕಟೆಯಲ್ಲಿ ನಿಂತಾಗ ನಾನು ಜಾಸ್ತಿ ಕೇಳಲಿಲ್ಲ.

"ಪ್ರತಿ ತಿಂಗಳು ಬಾಡಿಗೆ ಬರ್ತಿತ್ತಾ ಸರ್?"

"ಬರ್ತಿತ್ತು. ಫೋನ್‌ಪೇಗೆ."

"ತಡ ಆದಾಗ ಕೇಳೋಕೆ ಎಲ್ಲಿಗೆ ಹೋಗ್ತಿದ್ರಿ?"

"ಮೇಲ್ಗಡೆ ಮನೆಗೆ."

"ಮೇಲ್ಗಡೆ ಅಂದ್ರೆ ದಾವಾ ಷೆಡ್ಯೂಲ್ ಮನೆಗೆ?"

"ಹೌದು."

"ಆಕೆಯ ಹಳೇ ಊರಿಗೆ ಯಾವತ್ತಾದ್ರೂ ಹೋಗಿದ್ರಾ?"

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ. ನಾನ್ಯಾಕೆ ಹೋಗ್ಲಿ?"

ನ್ಯಾಯಾಧೀಶರೇ ಒಂದು ಪ್ರಶ್ನೆ ಸೇರಿಸಿದರು: ಕೋರ್ಟಿನ ತಾರೀಖು ಯಾವುದು ಅಂತ ಆಕೆಗೆ ಹೇಳಿದ್ದಿರಾ? "ಕೋರ್ಟಿಗೆ ಹಾಕಿದೀನಿ ಅಂತ ಹೇಳಿದ್ದೆ, ತಾರೀಖು ನನಗೇ ವಕೀಲರು ಹೇಳ್ತಿರಲಿಲ್ಲ." ಕೋರ್ಟ್ ಹಾಲಿನಲ್ಲಿ ಎಲ್ಲರೂ ನಕ್ಕರು, ಮೇಷ್ಟ್ರ ವಕೀಲರನ್ನು ಬಿಟ್ಟು. ಸುಳ್ಳು ಹೇಳಲು ಬಾರದ ಮನುಷ್ಯ ಅವರು. ತಾರೀಖೂ ಹೇಳಿದ್ದೆ ಅಂದಿದ್ದರೆ ನನಗೆ ಕಷ್ಟ ಇತ್ತು.

2023ರ ಡಿಸೆಂಬರಿನಲ್ಲಿ ಆದೇಶ ಬಂತು. ಡಿಕ್ರಿ ರದ್ದು. ಆದರೆ ಸುಮ್ಮನೆ ಅಲ್ಲ. 30 ದಿನದೊಳಗೆ ಬಾಕಿ 42,500 ರೂಪಾಯಿ ಕೋರ್ಟಿಗೆ ಠೇವಣಿ ಇಡಬೇಕು, 3,000 ಖರ್ಚು ಕೊಡಬೇಕು. ಇಂಥ ಷರತ್ತು ಹಾಕುವ ಅಧಿಕಾರ ಅದೇ ನಿಯಮದಲ್ಲಿ ಇದೆ. ಅಕ್ಕನಿಗೆ ಸಿಟ್ಟು ಬಂತು, ತಪ್ಪು ಅವರದ್ದು, ದಂಡ ನನಗಾ ಸರ್ ಅಂದರು. ನನಗೆ ಹಾಗನ್ನಿಸಲಿಲ್ಲ. ಬಾಕಿ ಇತ್ತು ಅಂತ ಆಕೆಯೇ ಒಪ್ಪಿದ್ದರು. ಕೇಳಿಸಿಕೊಳ್ಳಿ ಅಂತ ಕೋರ್ಟಿಗೆ ಬಂದವರು ಒಪ್ಪಿದ ಸಾಲವನ್ನು ಮೊದಲು ಕಟ್ಟೋದು ನ್ಯಾಯವಾದದ್ದೇ. ಸಂಘದ ಸಾಲ ತೆಗೆದು, ಒಂದು ಜೊತೆ ಓಲೆ ಗಿರವಿ ಇಟ್ಟು 27ನೇ ದಿನ ದುಡ್ಡು ಕಟ್ಟಿದರು. ಒಂದು ದಿನ ತಡ ಆಗಿದ್ದರೂ ಅರ್ಜಿಯೇ ಬಿದ್ದು ಹೋಗುವ ಅಪಾಯ ಇತ್ತು.

ದಾವೆ ಮತ್ತೆ ಜೀವ ಪಡೆಯಿತು. ಈಗ ನಾವು ಜವಾಬು ಹಾಕಬೇಕು. ಸಮನ್ಸ್ ಮುಟ್ಟಿದ ಮೇಲೆ 30 ದಿನ, ಕೋರ್ಟ್ ಕಾರಣ ಬರೆದು ಕೊಟ್ಟರೆ 90 ದಿನದವರೆಗೆ. ನಾವು 30ರ ಒಳಗೇ ಹಾಕಿದೆವು. ಹಾಕುವ ಮುಂಚೆ ಅಕ್ಕನನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಯಾಕಂದರೆ ಡಿಕ್ರಿ ರದ್ದಾದ ಖುಷಿಯಲ್ಲಿ ಆಕೆ ಮನೆಯೇ ಉಳಿಯಿತು ಅಂದುಕೊಂಡಿದ್ದರು.

ಉಳಿದಿರಲಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999 ಬಾಡಿಗೆದಾರರಿಗೆ ಒಳ್ಳೆ ರಕ್ಷಣೆ ಕೊಡುತ್ತದೆ, ಮನೆ ಬಿಡಿಸಲು ಓನರ್ ಕಾರಣ ತೋರಿಸಬೇಕು. ಆದರೆ ಆ ಕಾಯ್ದೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸೋದಿಲ್ಲ. ಈಗಿನ ಕಾಲದಲ್ಲಿ ಅಷ್ಟು ಕಡಿಮೆ ಬಾಡಿಗೆಗೆ ಯಾವ ಮನೆ ಸಿಗುತ್ತದೆ? ಹಾಗಾಗಿ ಹೆಚ್ಚಿನ ಕೇಸುಗಳು ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಬರುತ್ತವೆ. ಬೆಂಗಳೂರಿನಲ್ಲಾದರೆ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಈ ಕಾಯ್ದೆಯಲ್ಲಿ ಓನರ್ ಕಾರಣವನ್ನೇ ಹೇಳಬೇಕಿಲ್ಲ. ಸೆಕ್ಷನ್ 106ರಂತೆ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಮುಗಿಸಿದೆ ಅಂದರೆ ಸಾಕು. ಮಗ ಬರ್ತಾನೋ ಇಲ್ಲವೋ, ಬಾಕಿ ಇದೆಯೋ ಇಲ್ಲವೋ, ಖಾಲಿ ಮಾಡಿಸುವ ಪ್ರಶ್ನೆಗೆ ಅದು ಮುಖ್ಯ ಅಲ್ಲ.

ಹಾಗಾದರೆ ನಮ್ಮ ಕೈಯಲ್ಲಿ ಏನಿತ್ತು? ಆ ನೋಟಿಸ್. ಅದೂ ಹಳೇ ವಿಳಾಸಕ್ಕೇ ಹೋಗಿ ವಾಪಸ್ ಬಂದಿತ್ತು. ನೋಟಿಸನ್ನು ಹೇಗೆ ಮುಟ್ಟಿಸಬೇಕು ಅಂತ ಸೆಕ್ಷನ್ 106 ತಾನೇ ಹೇಳುತ್ತದೆ: ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಯವರ ಕೈಗೆ ಕೊಡಬಹುದು, ಅದು ಆಗದಿದ್ದರೆ ಬಾಡಿಗೆ ಸ್ವತ್ತಿನ ಮೇಲೇ ಕಣ್ಣಿಗೆ ಬೀಳುವ ಕಡೆ ಅಂಟಿಸಬಹುದು. ಮೇಷ್ಟ್ರು ಮಾಡಬೇಕಿದ್ದದ್ದು ಇಷ್ಟೇ, ಹದಿನೆಂಟು ಮೆಟ್ಟಿಲು ಹತ್ತಿ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಫೋಟೋ ತೆಗೆಯೋದು. 15 ದಿನವನ್ನು ಎಣಿಸೋದು ನೋಟಿಸ್ ಮುಟ್ಟಿದ ದಿನದಿಂದ, ಮುಟ್ಟೇ ಇಲ್ಲ ಅಂದರೆ ಎಣಿಕೆ ಶುರುವೇ ಆಗಿಲ್ಲ ಅಂತ ನಮ್ಮ ವಾದ.

ವಾದ ಚೆನ್ನಾಗಿದೆ. ಆದರೆ ಎದುರು ವಕೀಲರ ಹತ್ತಿರ ಉತ್ತರ ಇತ್ತು. ನೋಪಾನಿ ಇನ್ವೆಸ್ಟ್‌ಮೆಂಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾಲಿ ಮಾಡಿಸುವ ದಾವೆ ಹಾಕಿದ್ದೇ ನೋಟಿಸ್ ಅಂತ ಹೇಳಿದೆ. ಅದು ನಮ್ಮ ಸಂಗತಿಗೆ ಹೊಂದೋದಿಲ್ಲ ಅಂತ ನಾನು ವಾದ ಮಾಡಬಹುದಿತ್ತು. ಗೆದ್ದೆವು ಅಂತಲೇ ಇಟ್ಟುಕೊಳ್ಳೋಣ. ದಾವೆ ವಜಾ ಆದ ಮಾರನೇ ದಿನ ಮೇಷ್ಟ್ರು ಸರಿಯಾದ ವಿಳಾಸಕ್ಕೆ ಹೊಸ ನೋಟಿಸ್ ಕಳಿಸುತ್ತಾರೆ, 16ನೇ ದಿನಕ್ಕೆ ಹೊಸ ದಾವೆ. ಆಗ ನಮ್ಮ ಹತ್ತಿರ ಹೇಳಲು ಏನೂ ಇರೋದಿಲ್ಲ.

"ಹಂಗಾದ್ರೆ ಇಷ್ಟೆಲ್ಲಾ ಮಾಡಿದ್ದು ಯಾಕೆ ಸರ್?" ಅಕ್ಕ ಕೇಳಿದರು.

"ನಿಮಗೆ ಎಷ್ಟು ಟೈಮ್ ಬೇಕು ಅಕ್ಕಾ? ಅದನ್ನ ಕೇಳೋ ಜಾಗ ಸಿಕ್ಕಿದೆ ಈಗ."

ಆಕೆ ಬೆರಳು ಎಣಿಸಿದರು. ಮಗಳು ಆಗ ಮೊದಲ ಪಿಯುಸಿ. "2025ರ ಮಾರ್ಚಿಗೆ ಅವಳ ಎರಡನೇ ಪಿಯು ಪರೀಕ್ಷೆ. ಅದು ಮುಗಿಯೋವರೆಗೆ."

ಮೇಷ್ಟ್ರ ಕಡೆಯೂ ದಣಿವಾಗಿತ್ತು. ಒಮ್ಮೆ ಕೈಗೆ ಸಿಕ್ಕ ಡಿಕ್ರಿ ಜಾರಿ ಹೋಗಿ, ಇನ್ನು ಸಾಕ್ಷಿ, ವಾದ, ಅಪೀಲು ಅಂತ ಎಷ್ಟು ವರ್ಷವೋ. ನನ್ನ ಮಟ್ಟಿಗೆ ಈ ಕೇಸಿನಲ್ಲಿ ಅನ್ಯಾಯ ಆಗಿದ್ದು ಇಬ್ಬರಿಗೂ. ಅಕ್ಕನಿಗೆ ಆದದ್ದು ಕಣ್ಣಿಗೆ ಕಾಣುತ್ತದೆ. ಮೇಷ್ಟ್ರಿಗೆ ಆದದ್ದು ಕಾಣೋದಿಲ್ಲ: ಕಾನೂನು ಪೂರ್ತಿ ಅವರ ಕಡೆ ಇತ್ತು, 2022ರಲ್ಲಿ ಸರಿಯಾದ ವಿಳಾಸ ಹಾಕಿದ್ದರೆ ಅಕ್ಕ ಕೋರ್ಟಿಗೆ ಬಂದು ಒಂದಿಷ್ಟು ಸಮಯ ಕೇಳುತ್ತಿದ್ದರು, ಮನೆ ಬಹುಶಃ 2023ರಲ್ಲೇ ಕೈಗೆ ಬರುತ್ತಿತ್ತು. ಗುಮಾಸ್ತ ಟೈಪ್ ಮಾಡಿದ ಒಂದು ಸಾಲಿನಿಂದ ಅವರ ಮಗ ಎರಡು ವರ್ಷ ಅದೇ ಊರಲ್ಲಿ ಬೇರೆ ಬಾಡಿಗೆ ಮನೆಯಲ್ಲಿದ್ದ. ವಕೀಲರಿಗೆ ಕೇಸು ಕೊಟ್ಟ ಮೇಲೆ ದಾವಾ ಪತ್ರದ ಮೊದಲ ಪುಟವನ್ನಾದರೂ ಓದಿ ಸಹಿ ಹಾಕಿ ಅಂತ ನಾನು ಈಗ ನನ್ನ ಕಕ್ಷಿದಾರರಿಗೆ ಹೇಳುತ್ತೇನೆ. ಓನರ್ ಕಡೆಯವರಿಗೆ ಇನ್ನೂ ಒಂದು ಹೇಳುತ್ತೇನೆ: ಪ್ರತಿವಾದಿಯ ಎರಡು ವಿಳಾಸ ಗೊತ್ತಿದ್ದರೆ ಎರಡನ್ನೂ ಹಾಕಿಸಿ.

2024ರ ಜುಲೈ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಬಾಡಿಗೆ 9,500, ತಪ್ಪದೆ ಹತ್ತನೇ ತಾರೀಖಿನೊಳಗೆ. ಠೇವಣಿ ಇದ್ದ 42,500 ಮೇಷ್ಟ್ರಿಗೆ. 2025ರ ಮಾರ್ಚ್ 31ಕ್ಕೆ ಮನೆ ಖಾಲಿ, ಅವತ್ತೇ ಅಡ್ವಾನ್ಸ್ 60,000 ವಾಪಸ್. ಖಾಲಿ ಮಾಡದಿದ್ದರೆ ಹೊಸ ದಾವೆ ಬೇಡ, ನೇರ ಅಮಲ್ಜಾರಿ. ಲೋಕ ಅದಾಲತ್‌ನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಮೇಷ್ಟ್ರು ರಾಜಿ ಅರ್ಜಿಯನ್ನು ಕನ್ನಡಕ ಹಾಕಿಕೊಂಡು, ಉತ್ತರ ಪತ್ರಿಕೆ ತಿದ್ದುವ ಹಾಗೆ, ಪ್ರತಿ ಸಾಲಿನ ಕೆಳಗೆ ಪೆನ್ನು ಇಟ್ಟು ಓದಿದರು. ಅಕ್ಕನ ಹೆಸರಿನ ಕೆಳಗಿದ್ದ ವಿಳಾಸವನ್ನು ಎರಡು ಸಲ ಓದಿದರು.

ಮಾರ್ಚ್ 31, ಸೋಮವಾರ. ಅಕ್ಕ ಎರಡು ಬೀದಿ ಆಚೆ ಮನೆ ಹಿಡಿದಿದ್ದರು, ಗಿರಾಕಿಗಳು ತಪ್ಪಬಾರದಲ್ಲ. ಹೊಲಿಗೆ ಮೆಷಿನ್ ಕೊನೆಗೆ ಇಳಿಯಿತು, ಅದನ್ನು ಇಳಿಸಲು ಒಂದು ಕೈ ಹಾಕಿದ್ದು ಮೇಷ್ಟ್ರ ಮಗ. ಬೀಗದ ಕೈ ಕೊಡುವಾಗ ಮೇಷ್ಟ್ರು 55,000ದ ಚೆಕ್ ಮುಂದಿಟ್ಟರು. "ಪೇಂಟಿಂಗ್‌ಗೆ ಐದು ಸಾವಿರ ಹಿಡಿಯೋದು ಪದ್ಧತಿ ಅಲ್ವೇನಮ್ಮ" ಅಂದರು. ಅಕ್ಕ ನನಗೆ ಫೋನ್ ಮಾಡಿದರು. ನಾನು ರಾಜಿ ಅರ್ಜಿ ತೆಗೆದು ಓದಿದೆ. 60,000 ವಾಪಸ್ ಅಂತ ಇತ್ತು, ಏನನ್ನೂ ಮುರಿದುಕೊಳ್ಳದೆ ಅನ್ನೋ ಮಾತು ಇರಲಿಲ್ಲ. ಆ ಒಂದು ಸಾಲು ಹಾಕೋದು ನಾನೇ ಮರೆತಿದ್ದೆ. ಅರ್ಧ ಗಂಟೆ ಮೆಟ್ಟಿಲ ಮೇಲೆ ಚೌಕಾಸಿ ನಡೆದು 58,000ಕ್ಕೆ ನಿಂತಿತು.